ಯೂನಿಯನ್ ಸೇರಬೇಕಾ, ಬೇಡ್ವಾ? ನಮ್ಮ ಕಾರ್ಖಾನೆಯಲ್ಲಿ ಮಾತು ಶುರುವಾಗಿದೆ

ಪೀಣ್ಯ ಟರ್ನರ್

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೆಸರು ಬೇಡ. ಗಾಡಿ ಬಿಡಿಭಾಗ ಮಾಡುತ್ತೇವೆ. ಒಟ್ಟು 62 ಜನ. ಅದರಲ್ಲಿ 24 ಜನ ಕಂಪನಿ ರೋಲ್‌ನಲ್ಲಿದ್ದೇವೆ, ಮಿಕ್ಕವರೆಲ್ಲ ಕಾಂಟ್ರಾಕ್ಟ್.

ಎರಡು ತಿಂಗಳ ಹಿಂದೆ ಪವರ್ ಪ್ರೆಸ್‌ನಲ್ಲಿ ನಮ್ಮ ಹುಡುಗನೊಬ್ಬನ ಬಲಗೈಯ ಎರಡು ಬೆರಳು ಹೋದವು. ಕೈ ಒಳಗಿದ್ದರೆ ಪ್ರೆಸ್ ನಿಲ್ಲಿಸುವ ಸೆನ್ಸರ್ ಕೆಟ್ಟು ಮೂರು ವಾರ ಆಗಿತ್ತು. ನಾನು ಸೂಪರ್‌ವೈಸರ್‌ಗೆ ಹೇಳಿದ್ದೆ. ಮೇಂಟೆನೆನ್ಸ್‌ನವನು ಹೇಳಿದ್ದ. ಆ ಹುಡುಗನೂ ಹೇಳಿದ್ದ. ಮೂರು ಜನ ಮೂರು ದಿನ ಒಬ್ಬೊಬ್ಬರೇ ಹೋಗಿ ಹೇಳಿದ್ದೆವು. "ಈ ಆರ್ಡರ್ ಹೋಗಲಿ, ಮಾಡಿಸೋಣ" ಅಂದರು. ಆರ್ಡರ್ ಹೋಯಿತು. ಬೆರಳೂ ಹೋಯಿತು.

ಅವತ್ತಿನಿಂದ ಊಟದ ಹೊತ್ತಿನಲ್ಲಿ ಯೂನಿಯನ್ ಮಾತು ಬರುತ್ತಿದೆ. ಅಪ್ಪ "ಸೇರು, ಹೆದರಬೇಡ" ಅನ್ನುತ್ತಾರೆ. ಹೆಂಡತಿ "ಮಗಳ ಪಿಯುಸಿ ಮುಗಿಯೋ ತನಕ ಸುಮ್ನೆ ಇರಿ" ಅನ್ನುತ್ತಾಳೆ. ಇಬ್ಬರ ಮಾತೂ ನನಗೆ ಸರಿ ಅನಿಸುತ್ತದೆ. ಯೂನಿಯನ್‌ನಿಂದ ಇವತ್ತಿಗೂ ಕೆಲಸಗಾರನಿಗೆ ಒಳ್ಳೆಯದಾಗುತ್ತದಾ? ಅಥವಾ ಇರುವ ಕೆಲಸವೂ ಹೋಗುತ್ತದಾ? ಅನುಭವ ಇದ್ದವರು ಹೇಳಿ.

ರಾಜಾಜಿನಗರ ವರ್ಕ್‌ಶಾಪ್

ಮೊದಲು ಆ ಹುಡುಗನ ವಿಷಯ ಕೇಳಿ ತುಂಬಾ ಬೇಜಾರಾಯಿತು. ಸೆನ್ಸರ್ ಇಲ್ಲದೆ ಪ್ರೆಸ್ ಓಡಿಸಿದ್ದು ತಪ್ಪೇ ತಪ್ಪು.

ಆದರೂ ನಾನು ಮಾಲೀಕರ ಕಡೆಯವನು. 31 ಜನಕ್ಕೆ ಸಂಬಳ ಕೊಡುತ್ತೇನೆ. ಹದಿನೈದು ವರ್ಷದ ಹಿಂದೆ ನಮ್ಮಲ್ಲೂ ಯೂನಿಯನ್ ಬಂತು. ನಮ್ಮ ಹುಡುಗರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಮಾತಿಗೆ ಬಂದವರು ಹೊರಗಿನವರು. ಲೇತ್ ಯಾವುದು ಮಿಲ್ಲಿಂಗ್ ಯಾವುದು ಗೊತ್ತಿರಲಿಲ್ಲ. ಮೊದಲ ದಿನವೇ ನಲವತ್ತು ಬೇಡಿಕೆ ತಂದರು. ಒಂದು ತಿಂಗಳು ಗೋ ಸ್ಲೋ ಅಂತ ಬೇಕಂತಲೇ ಕೆಲಸ ನಿಧಾನ ಮಾಡಿಸಿದರು. ನನ್ನ ದೊಡ್ಡ ಗಿರಾಕಿ ಹೊಸೂರಿನ ಇನ್ನೊಬ್ಬರಿಗೆ ಆರ್ಡರ್ ಕೊಟ್ಟುಬಿಟ್ಟ. ಆ ಆರ್ಡರ್ ಮತ್ತೆ ಬರಲಿಲ್ಲ. ಒಂಬತ್ತು ಜನರನ್ನು ಕಳಿಸಬೇಕಾಯಿತು. ಆ ನಾಯಕರು ಆಮೇಲೆ ಒಂದು ದಿನವೂ ಈ ಕಡೆ ತಿರುಗಿ ನೋಡಲಿಲ್ಲ.

ಬೊಂಬಾಯಿ ಬಟ್ಟೆ ಮಿಲ್ಲುಗಳ ಕತೆ ಎಲ್ಲರಿಗೂ ಗೊತ್ತು. 1982ರ ಜನವರಿ 18ಕ್ಕೆ ಯೂನಿಯನ್ ನಾಯಕ ದತ್ತಾ ಸಾಮಂತ್ ಹಿಂದೆ ಸುಮಾರು ಎರಡೂವರೆ ಲಕ್ಷ ಜನ ಮುಷ್ಕರಕ್ಕೆ ಇಳಿದರು. ಆ ಮುಷ್ಕರವನ್ನು ಯಾರೂ ಅಧಿಕೃತವಾಗಿ ವಾಪಸ್ ತೆಗೆದುಕೊಳ್ಳಲೇ ಇಲ್ಲ. ಮಿಲ್ಲುಗಳೇ ಹೋದವು. ಇವತ್ತು ಅಲ್ಲಿ ಮಾಲ್‌ಗಳಿವೆ. ನೀವು ಸೇರಬೇಡಿ ಅಂತ ಹೇಳುತ್ತಿಲ್ಲ. ಯಾರ ಕೈಗೆ ಹಗ್ಗ ಕೊಡುತ್ತಿದ್ದೀರಿ ಅಂತ ನೋಡಿಕೊಳ್ಳಿ.

ಹಳೇ ಪಬ್ಲಿಕ್ ಸೆಕ್ಟರ್

ಟರ್ನರ್ ಅವರೇ, ನಿಮ್ಮ ಅಪ್ಪನ ವಯಸ್ಸು ನನಗೂ ಆಗಿರಬೇಕು. ಬೆಂಗಳೂರಿನ 77 ದಿನಗಳ ಮುಷ್ಕರದಲ್ಲಿ ನಾನಿದ್ದೆ. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್, ಈ ಸರ್ಕಾರಿ ಕಂಪನಿಗಳಲ್ಲಿ ಎಲ್ಲ ಕಡೆಯೂ ಒಟ್ಟಿಗೆ ಗೇಟು ಮುಚ್ಚಿತು. 1980ರ ಡಿಸೆಂಬರ್ ಕೊನೆಗೆ ಶುರುವಾಗಿ 1981ರ ಮಾರ್ಚ್ ತನಕ ನಡೆಯಿತು. ಬಿಎಚ್‌ಇಎಲ್‌ನವರಿಗೆ ಸಿಗುವ ಸಂಬಳ ನಮಗೂ ಕೊಡಿ ಅನ್ನೋದು ಮುಖ್ಯ ಬೇಡಿಕೆ.

ಮೊದಲ ತಿಂಗಳು ಹಬ್ಬ ಇದ್ದ ಹಾಗಿತ್ತು. ದಿನಾ ಮೆರವಣಿಗೆ, ಭಾಷಣ, ಹಾಡು. ಎರಡನೇ ತಿಂಗಳಿಗೆ ಹೆಂಡತಿಯ ಸರ ಮಾರ್ವಾಡಿ ಅಂಗಡಿಗೆ ಹೋಯಿತು. ನಮ್ಮ ಬೀದಿಯ ದಿನಸಿ ಅಂಗಡಿಯವರು ಒಂದು ಉದ್ದನೆ ನೋಟ್‌ಬುಕ್ ಇಟ್ಟಿದ್ದರು. ನಮ್ಮ ಬೀದಿಯಲ್ಲಿ ಹನ್ನೊಂದು ಮನೆಗೆ ಸಾಲ ಕೊಟ್ಟರು. ಒಬ್ಬರನ್ನೂ ಒಂದು ಮಾತು ಕೇಳಲಿಲ್ಲ. ಆ ಮನುಷ್ಯನನ್ನು ನಾನು ಸಾಯೋ ತನಕ ಮರೆಯಲ್ಲ. ಕೊನೆಗೆ ಕೈಗೆ ಏನೂ ಸಿಗದೆ ವಾಪಸ್ ಹೋದೆವು. ಗೇಟಿನಲ್ಲಿ ಕಾರ್ಡ್ ಪಂಚ್ ಮಾಡುವಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಹಾಗಿದ್ದರೂ ಯೂನಿಯನ್ ಕೆಟ್ಟದ್ದು ಅಂತ ನನ್ನ ಬಾಯಲ್ಲಿ ಬರಲ್ಲ. ನಾನು ಕೆಲಸಕ್ಕೆ ಸೇರಿದಾಗ ಇದ್ದ ಕ್ವಾರ್ಟರ್ಸ್, ಕ್ಯಾಂಟೀನು, ಆಸ್ಪತ್ರೆ, ಮಕ್ಕಳ ಶಾಲೆ ಎಲ್ಲವೂ ನಮಗಿಂತ ಹಿಂದಿನವರು ಕೂತು ಮಾತಾಡಿ ಗಿಟ್ಟಿಸಿದ್ದು. ನಾನು ಹತ್ತನೇ ಕ್ಲಾಸು ಓದಿದವನು. ಇಬ್ಬರು ಮಕ್ಕಳು ಎಂಜಿನಿಯರ್ ಆದರು.

ನಮ್ಮ ತಪ್ಪು ಬೇರೆ ಕಡೆ ಇದೆ. ಮುಷ್ಕರ ಆದ ಮೇಲೆ ಮೊದಲು ತೋಟದ ಕೆಲಸ ಕಾಂಟ್ರಾಕ್ಟಿಗೆ ಹೋಯಿತು. ಆಮೇಲೆ ಕ್ಯಾಂಟೀನು. ಆಮೇಲೆ ಸೆಕ್ಯುರಿಟಿ, ಲೋಡಿಂಗು. ನಾವು ಕಮಿಟಿಯಲ್ಲಿ ಕೂತು ಎಲ್ಲದಕ್ಕೂ ಒಪ್ಪಿಕೊಂಡೆವು. ನಮ್ಮ ಮಂದಿಯ ಸಂಬಳಕ್ಕೆ ಏನೂ ಆಗಲ್ಲ ಅಂತ ಸುಮ್ಮನಾದೆವು. ಹತ್ತು ವರ್ಷ ನನಗೆ ಊಟ ಬಡಿಸಿದ ಹುಡುಗನ ಸಂಬಳ ಎಷ್ಟು ಅಂತ ನಾನು ಒಂದು ದಿನವೂ ಕೇಳಲಿಲ್ಲ. ರಿಟೈರ್ ಆದ ಮೇಲೆ ಇದು ನನ್ನನ್ನು ಕಾಡುತ್ತದೆ.

ಕಾಂಟ್ರಾಕ್ಟ್ ಹುಡುಗ

ಯಜಮಾನರೇ, ಇದನ್ನು ಒಪ್ಪಿಕೊಂಡಿದ್ದಕ್ಕೆ ಥ್ಯಾಂಕ್ಸ್. ಆ ಬಡಿಸುವ ಹುಡುಗನ ಜಾಗದಲ್ಲಿ ಈಗ ನಾನಿದ್ದೇನೆ.

ರಾಮನಗರ ಕಡೆ ಒಂದು ದೊಡ್ಡ ಫ್ಯಾಕ್ಟರಿ. ಐಟಿಐ ಫಿಟ್ಟರ್ ಮಾಡಿ ಬಂದೆ. ಆರು ವರ್ಷ ಆಯಿತು. ಪರ್ಮನೆಂಟ್‌ನವರದು ಬೂದಿ ಬಣ್ಣದ ಶರ್ಟು, ನಮ್ಮದು ನೀಲಿ. ಒಂದೇ ಸ್ಟೇಷನ್, ಒಂದೇ ಟಾರ್ಕ್ ಗನ್, ಒಂದೇ ಟಾರ್ಗೆಟ್. ಅವರಿಗೆ ಬರೋದರ ಮೂರನೇ ಒಂದು ಭಾಗ ನನಗೆ ಬರುತ್ತದೆ. ಹನ್ನೊಂದು ತಿಂಗಳಿಗೊಮ್ಮೆ ಕಾಂಟ್ರಾಕ್ಟರ್ ಹೆಸರು ಬದಲಾಗುತ್ತದೆ. ನಾನು ಮತ್ತೆ ಹೊಸಬ ಆಗುತ್ತೇನೆ.

ನಮ್ಮಲ್ಲಿ ಯೂನಿಯನ್ ಇದೆ. ಗಟ್ಟಿ ಯೂನಿಯನ್. ಹೋದ ಸಲ ವೇಜ್ ಸೆಟಲ್‌ಮೆಂಟ್ ಆದಾಗ ಲೈನಿನಲ್ಲಿ ಮೈಸೂರು ಪಾಕ್ ಹಂಚಿದರು. ನನ್ನ ಕೈಗೂ ಒಂದು ತುಂಡು ಬಂತು. "ನಮಗೆಷ್ಟು ಜಾಸ್ತಿ ಆಯಿತು ಅಣ್ಣ?" ಅಂತ ಕೇಳಿದೆ. ಅವರು ಒಳ್ಳೆಯವರು, ನನಗೆ ಕೆಲಸ ಕಲಿಸಿದವರು. ತಲೆ ಬಗ್ಗಿಸಿ "ನಿಮ್ಮದು ಕಾಂಟ್ರಾಕ್ಟರ್ ಹತ್ತಿರ ಕೇಳಬೇಕು ಕಣೋ" ಅಂದರು. ಬೈಲಾದಲ್ಲೇ ಕಾಂಟ್ರಾಕ್ಟ್‌ನವರಿಗೆ ಮೆಂಬರ್‌ಶಿಪ್ ಇಲ್ಲ.

ಯೂನಿಯನ್ ಒಳ್ಳೆಯದಾ ಕೆಟ್ಟದ್ದಾ ಅಂತ ನನ್ನನ್ನು ಕೇಳಬೇಡಿ. ಬಾಗಿಲು ನನಗೆ ತೆರೆದಿದೆಯಾ ಇಲ್ವಾ, ಅಷ್ಟೇ ನನಗೆ ಬೇಕು. ಟರ್ನರ್ ಅಣ್ಣ, ನಿಮ್ಮಲ್ಲಿ 62ರಲ್ಲಿ 38 ಜನ ನನ್ನಂಥವರು. ಬೆರಳು ಹೋದ ಹುಡುಗ ಯಾರ ರೋಲ್‌ನಲ್ಲಿದ್ದ?

ಪೀಣ್ಯ ಟರ್ನರ್

ಕಾಂಟ್ರಾಕ್ಟ್.

ನೀವು ಕೇಳೋ ತನಕ ನಾನು ಅದನ್ನು ಬರೆದೇ ಇರಲಿಲ್ಲ ಅಂತ ಈಗ ಹೊಳೆಯಿತು. ಊಟದ ಹೊತ್ತಿನ ಮಾತುಕತೆಯಲ್ಲೂ ಇಲ್ಲಿ ತನಕ ನಾವು ರೋಲ್‌ನಲ್ಲಿರೋ 24 ಜನರೇ ಇದ್ದೆವು.

ಲೈನ್ ನಂಬರ್ 4

ನಾನು ಗಾರ್ಮೆಂಟ್ಸ್‌ನಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಕಾಲರ್ ಕೂರಿಸುತ್ತೇನೆ. ನನ್ನದೂ ಒಂದೆರಡು ಮಾತು. ಉದ್ದ ಆದರೆ ಕ್ಷಮಿಸಿ.

2016ರ ಏಪ್ರಿಲ್ 18 ನೆನಪಿದೆಯಾ? ಪಿಎಫ್ ರೂಲು ಬದಲಾಗಿದೆ, ಮಾಲೀಕರು ಕಟ್ಟಿದ ದುಡ್ಡು 58 ವರ್ಷ ಆಗೋ ತನಕ ಕೈಗೆ ಸಿಗಲ್ಲ ಅಂತ ಸುದ್ದಿ ಬಂತು. ನಮಗೆ ಪಿಎಫ್ ಅಂದರೆ ಮುಪ್ಪಿನ ದುಡ್ಡು ಅಲ್ಲ. ಮಗಳ ಮದುವೆ, ಸ್ಕೂಲ್ ಫೀಸು, ಊರಿನ ಮನೆಯ ಸೂರು, ಎಲ್ಲಾ ಅದರಲ್ಲೇ. 58 ವರ್ಷದ ತನಕ ಯಾರು ಮಿಷಿನ್ ಮೇಲೆ ಕೂತಿರುತ್ತಾರೆ ಹೇಳಿ? ನಲವತ್ತಕ್ಕೆ ಕಣ್ಣು, ಸೊಂಟ ಎರಡೂ ಹೋಗಿರುತ್ತದೆ.

ಅವತ್ತು ಯಾವ ಯೂನಿಯನ್ನೂ ಕರೆಯಲಿಲ್ಲ. ನಾವೇ ಎದ್ದೆವು. ಒಂದು ಫ್ಯಾಕ್ಟರಿಯವರು ಹೊರಗೆ ಬಂದರು, ಪಕ್ಕದವರು ನೋಡಿದರು, ಅವರೂ ಬಂದರು. ಹೊಸೂರು ರೋಡು ತುಂಬಿಹೋಯಿತು. ಮಾರನೇ ದಿನ ತುಮಕೂರು ರೋಡು, ಮೈಸೂರು ರೋಡು. ಲಾಠಿ ಬಿತ್ತು, ಅಶ್ರುವಾಯು ಬಂತು. ಕೆಲವು ಕಡೆ ಬಸ್ಸಿಗೆ ಬೆಂಕಿ ಬಿತ್ತು, ಅದು ನಮಗೆ ಬೇಕಿರಲಿಲ್ಲ. 19ನೇ ತಾರೀಖು ಸಂಜೆಗೆ ಕೇಂದ್ರ ಸರ್ಕಾರ ಆ ರೂಲನ್ನೇ ವಾಪಸ್ ತೆಗೆದುಕೊಂಡಿತು. ಎರಡೇ ದಿನ. ಇಡೀ ದೇಶದ ಕೆಲಸಗಾರರ ಪಿಎಫ್ ಉಳಿಯಿತು.

ಯೂನಿಯನ್ ಇಲ್ಲದೇ ಗೆದ್ದಿರಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಹೌದು, ಗೆದ್ದೆವು. ಆದರೆ ಮೂರನೇ ದಿನ ಏನಾಯಿತು ಗೊತ್ತಾ? ಎಲ್ಲರೂ ಅದೇ ಮಿಷಿನ್ ಮುಂದೆ ಕೂತೆವು. ಬೋರ್ಡಿನ ಮೇಲೆ ಗಂಟೆ ಗಂಟೆಗೂ ಅದೇ ಟಾರ್ಗೆಟ್ ಬರೆಯುತ್ತಿದ್ದರು. ಅದೇ ಬೈಗುಳ. ಟಾಯ್ಲೆಟ್ಟಿಗೆ ಹೋದರೆ ಅದೇ ಗಡಿಯಾರ. ಕೇಸು ಬಿದ್ದವರ ಮನೆಗೆ ಹೋಗಿ ಕೇಳುವವರು ಯಾರೂ ಇರಲಿಲ್ಲ. ಸಿಟ್ಟು ಎರಡು ದಿನಕ್ಕೆ ಆಗುತ್ತದೆ. ದಿನಾ ಬರುವ ಕಾಟಕ್ಕೆ ದಿನಾ ಇರುವ ಜನ ಬೇಕು.

ಇನ್ನೊಂದು ಹೇಳುತ್ತೇನೆ. 2020ರ ಏಪ್ರಿಲ್‌ನಿಂದ ನಮಗೆ ಡಿಎ, ಅಂದರೆ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ ಜಾಸ್ತಿ ಆಗಬೇಕಿತ್ತು. ಕೊರೋನಾ ಅಂತ ಮುಂದೆ ಹಾಕಿದರು. ಯೂನಿಯನ್‌ನವರು ಹೈಕೋರ್ಟಿಗೆ ಹೋದರು, ಕೊಡಬೇಕು ಅಂತ ಆಯಿತು. ಆದರೂ ಎಷ್ಟೋ ಫ್ಯಾಕ್ಟರಿ ಕೊಡಲಿಲ್ಲ. ನಮ್ಮ ಶರ್ಟು ಕೊಳ್ಳುವ ಫಾರಿನ್ ಬ್ರ್ಯಾಂಡುಗಳ ತನಕ ವಿಷಯ ಮುಟ್ಟಿಸಿ ಒತ್ತಡ ಹಾಕಿದ ಮೇಲೆ 2022ರಲ್ಲಿ ಬಾಕಿ ಬಂತು. ಆ ಕಾಗದಪತ್ರ ಎಲ್ಲ ಓಡಾಡಿಸಿದ್ದು ಯೂನಿಯನ್ ಹೆಂಗಸರು. ರೋಡಿಗೆ ಇಳಿದಿದ್ದರೆ ಅದು ಆಗುತ್ತಿರಲಿಲ್ಲ. ಎರಡು ವರ್ಷ ಫೈಲು ಹಿಡಿದು ತಿರುಗುವುದಕ್ಕೆ ಯಾರಾದರೂ ಬೇಕು, ಅಲ್ವಾ?

ರಾಜಾಜಿನಗರ ವರ್ಕ್‌ಶಾಪ್

ಅಕ್ಕಾ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಶ್ರೀರಂಗಪಟ್ಟಣದ್ದೂ ಹೇಳಿ. 2020ರ ಜೂನ್‌ನಲ್ಲಿ ಅಲ್ಲಿ ಯೂನಿಯನ್ ಗಟ್ಟಿಯಾಗಿದ್ದ ಗಾರ್ಮೆಂಟ್ಸ್ ಫ್ಯಾಕ್ಟರಿಯೇ ಮುಚ್ಚಿತು. 1,200 ಜನ ಬೀದಿಗೆ ಬಂದರು. ಪಕ್ಕದ ಫ್ಯಾಕ್ಟರಿಗಳು ಓಡುತ್ತಿದ್ದವು. ಟರ್ನರ್ ಅವರ ಹೆಂಡತಿ ಹೆದರುವುದು ಇದಕ್ಕೇ.

ಲೈನ್ ನಂಬರ್ 4

ಗೊತ್ತು. ಅಲ್ಲಿಯ ಹೆಂಗಸರು ವಾರಗಟ್ಟಲೆ ಗೇಟಿನ ಮುಂದೆ ಕೂತಿದ್ದು ಗೊತ್ತು. ಆಮೇಲೆ ಅಲ್ಲಿ ಬಟ್ಟೆ ಮಾಡಿಸುತ್ತಿದ್ದ ಬ್ರ್ಯಾಂಡು, ಮಾಲೀಕರು, ಯೂನಿಯನ್ ಸೇರಿ ಒಂದು ಒಪ್ಪಂದಕ್ಕೆ ಬಂದು ಕೆಲವರಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಎಲ್ಲರಿಗೂ ಅಲ್ಲ. ಅದನ್ನು ಗೆಲುವು ಅಂತ ನಾನು ಹೇಳಲ್ಲ.

ಆದರೆ ಒಂದು ಯೋಚನೆ ಮಾಡಿ. ನಮ್ಮ ಏರಿಯಾದಲ್ಲಿ ಯೂನಿಯನ್ ಇಲ್ಲದ ಫ್ಯಾಕ್ಟರಿಗಳೂ ಎಷ್ಟೋ ಮುಚ್ಚಿವೆ. ಒಂದು ಕಡೆ ನಾವು ಭಾನುವಾರ ಮನೆಗೆ ಹೋಗಿ ಸೋಮವಾರ ಬಂದರೆ ಬೀಗ. ರಾತ್ರೋರಾತ್ರಿ ಮಿಷಿನ್ ಲಾರಿಗೆ ಹಾಕಿದ್ದರು. ಗ್ರಾಚುಯಿಟಿ ಇಲ್ಲ, ಕೊನೆಯ ತಿಂಗಳ ಸಂಬಳ ಇಲ್ಲ. ನಮ್ಮ ಬಗ್ಗೆ ಪೇಪರಿನಲ್ಲೂ ಬರಲಿಲ್ಲ. ಯೂನಿಯನ್ ಇದ್ದ ಕಡೆ ಮುಚ್ಚಿದರೆ ಸುದ್ದಿ ಆಗುತ್ತದೆ, ಅದಕ್ಕೆ ಕಣ್ಣಿಗೆ ಕಾಣುತ್ತದೆ.

ಲಾ ಓದ್ತಿರೋನು

ಬೊಂಬಾಯಿ ವಿಷಯಕ್ಕೆ ಒಂದು ತಿದ್ದುಪಡಿ. ಅಲ್ಲಿ 1946ರ ಕಾನೂನಿನ ಪ್ರಕಾರ ಇಡೀ ಮಿಲ್ ಉದ್ಯಮಕ್ಕೆ ಒಂದೇ ಯೂನಿಯನ್‌ಗೆ ಮಾನ್ಯತೆ ಇತ್ತು. ಅದು ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘ, ಕಾಂಗ್ರೆಸ್ ಕಡೆಯದು. ಕೆಲಸಗಾರರಿಗೆ ಅದರ ಮೇಲೆ ನಂಬಿಕೆ ಹೋಗಿತ್ತು. ಬದಲಾಯಿಸುವುದು ತುಂಬಾ ಕಷ್ಟ ಇತ್ತು. ಅದಕ್ಕೇ ದತ್ತಾ ಸಾಮಂತ್ ಹತ್ತಿರ ಹೋದರು. ಅವರ ಬೇಡಿಕೆಗಳಲ್ಲಿ ಆ ಕಾನೂನು ತೆಗೆಯಿರಿ ಅನ್ನೋದೂ ಇತ್ತು. ಯೂನಿಯನ್ ಇದ್ದಿದ್ದರಿಂದ ಆ ಮುಷ್ಕರ ಬಂತು ಅನ್ನುವುದಕ್ಕಿಂತ, ಬೇಕಾದ ಯೂನಿಯನ್ ಇಟ್ಟುಕೊಳ್ಳಲು ಬಿಡದೇ ಇದ್ದಿದ್ದರಿಂದ ಬಂತು ಅಂತ ನನಗೆ ಅನಿಸುತ್ತದೆ. ಇನ್ನು ಮಿಲ್ಲುಗಳು ಮುಳುಗಿದ್ದಕ್ಕೆ ಪವರ್‌ಲೂಮ್, ಹಳೇ ಮಿಷಿನ್, ಜಾಗದ ಬೆಲೆ ಎಲ್ಲವೂ ಕಾರಣ.

ಟರ್ನರ್ ಅವರಿಗೆ ಬೇಕಾದ ಕಾನೂನು ಇಷ್ಟು. ಕಾರ್ಖಾನೆಯ ಶೇಕಡಾ 10 ಜನ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಮೆಂಬರ್ ಇದ್ದರೆ ರಿಜಿಸ್ಟರ್ ಮಾಡಬಹುದು. ಆದರೆ ಏಳಕ್ಕಿಂತ ಕಡಿಮೆ ಇರಬಾರದು. ನಿಮ್ಮ 62 ಜನಕ್ಕೆ ಏಳು ಸಹಿ ಸಾಕು.

2025ರ ನವೆಂಬರ್ 21ರಿಂದ ಹೊಸ ಇಂಡಸ್ಟ್ರಿಯಲ್ ರಿಲೇಷನ್ಸ್ ಕೋಡ್ ಜಾರಿಯಾಗಿದೆ. ಯೂನಿಯನ್ ರಿಜಿಸ್ಟರ್ ಆದರೂ ಮಾಲೀಕರು ಅದರ ಜೊತೆ ಮಾತಾಡಲೇಬೇಕು ಅಂತ ಹಿಂದಿನ ಸೆಂಟ್ರಲ್ ಕಾನೂನಿನಲ್ಲಿ ಇರಲಿಲ್ಲ. ಈಗ ಇದೆ. ಒಂದಕ್ಕಿಂತ ಜಾಸ್ತಿ ಯೂನಿಯನ್ ಇದ್ದರೆ ಶೇಕಡಾ 51 ಜನರ ಬೆಂಬಲ ಇರುವುದಕ್ಕೆ ಮಾತುಕತೆಯ ಹಕ್ಕು. ಅದು ಒಳ್ಳೆಯ ಭಾಗ. ಆದರೆ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಜನ ಮಾತಾಡಿಕೊಂಡು ಒಂದೇ ದಿನ ಸಿಎಲ್ ರಜೆ ಹಾಕಿದರೆ ಅದನ್ನೂ ಮುಷ್ಕರ ಅಂತಲೇ ಲೆಕ್ಕ ಹಿಡಿಯುತ್ತಾರೆ. ಮುಚ್ಚಲು, ಜನ ತೆಗೆಯಲು ಸರ್ಕಾರದ ಅನುಮತಿ ಬೇಕಾಗಿದ್ದು ಮೊದಲು 100 ಜನ ಇರುವ ಕಾರ್ಖಾನೆಗೆ. ಈಗ 300 ಜನ ಇದ್ದರೆ ಮಾತ್ರ.

ಹೊರಗಿನ ನಾಯಕರ ಬಗ್ಗೆ ವರ್ಕ್‌ಶಾಪ್ ಸರ್ ಹೇಳಿದ್ದಕ್ಕೆ: ಪದಾಧಿಕಾರಿಗಳಲ್ಲಿ ಮೂರನೇ ಒಂದು ಭಾಗ ಅಥವಾ ಐದು ಜನ, ಯಾವುದು ಕಡಿಮೆಯೋ ಅಷ್ಟೇ ಹೊರಗಿನವರು ಇರಬಹುದು ಅಂತ 2001ರಲ್ಲೇ ತಿದ್ದುಪಡಿ ಆಗಿದೆ. ಲೆಕ್ಕದ ಪುಸ್ತಕ ನೋಡುವ ಹಕ್ಕು ಪ್ರತಿ ಮೆಂಬರ್‌ಗೂ ಇದೆ. ಇದು 1926ರ ಕಾಯ್ದೆಯಿಂದಲೇ ಇತ್ತು. ಕೇಳಿದವರು ಕಡಿಮೆ.

ಹಳೇ ಪಬ್ಲಿಕ್ ಸೆಕ್ಟರ್

ಲೆಕ್ಕದ ಪುಸ್ತಕದ ಮಾತು ನೂರಕ್ಕೆ ನೂರು ನಿಜ. ಚಂದಾ ರಸೀದಿ ಹರಿದು ಕೊಡುವ ಯೂನಿಯನ್ ಇದ್ದರೆ ಸೇರಿ. ಸುಮ್ನೆ ಕೈಗೆ ದುಡ್ಡು ತಗೊಂಡು ಜೇಬಿಗೆ ಹಾಕುವವರ ಹತ್ತಿರ ಹೋಗಬೇಡಿ. ಇದು ನನ್ನ ಮೂವತ್ತನಾಲ್ಕು ವರ್ಷದ ಅನುಭವ.

ಮತ್ತೆ ಎಚ್‌ಎಂಟಿ ವಾಚು ಮುಳುಗಿದ್ದೂ ಯೂನಿಯನ್‌ನಿಂದ ಅಂತ ಕೆಲವರು ಹೇಳುತ್ತಾರೆ. ಅದಕ್ಕೂ ಉತ್ತರ ಕೊಟ್ಟುಬಿಡುತ್ತೇನೆ. ಜನ ಕ್ವಾರ್ಟ್ಜ್ ವಾಚಿಗೆ ಹೋದಾಗ ಅಲ್ಲಿ ಕೀ ಕೊಡುವ ವಾಚೇ ಜಾಸ್ತಿ ಮಾಡುತ್ತಿದ್ದರು. ಯಾವ ವಾಚು ಮಾಡಬೇಕು ಅಂತ ತೀರ್ಮಾನ ಮಾಡುವ ಕುರ್ಚಿಯಲ್ಲಿ ಕೆಲಸಗಾರ ಯಾವತ್ತೂ ಕೂತಿರಲಿಲ್ಲ.

ಬೀಡಿ ಮನೆಯವಳು, ಬಂಟ್ವಾಳ

ಎಲ್ಲರೂ ಫ್ಯಾಕ್ಟರಿ ಗೇಟಿನ ಕತೆ ಹೇಳುತ್ತಿದ್ದೀರಿ. ನಮಗೆ ಗೇಟೇ ಇರಲಿಲ್ಲ. ನಮ್ಮ ಮನೆಯ ಜಗಲಿಯೇ ಕಾರ್ಖಾನೆ.

ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದರು. ರಾತ್ರಿ ಎಲೆ ನೆನೆಸಿಡುವುದು, ಬೆಳಿಗ್ಗೆ ಅಳತೆಗೆ ಕತ್ತರಿಸುವುದು, ತಡ್ಪೆ (ಮೊರ) ಮಡಿಲಲ್ಲಿ ಇಟ್ಟುಕೊಂಡು ಕತ್ತಲಾಗುವ ತನಕ ಕಟ್ಟುವುದು. ನಾನು ಶಾಲೆಯಿಂದ ಬಂದ ಕೂಡಲೇ ನೂಲು ಸುತ್ತಲು ಕೂರುತ್ತಿದ್ದೆ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಚೆಕ್ಕರ್ ಒಂದು ಕಟ್ಟು ತೆಗೆದು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದ. ಸರಿ ಇಲ್ಲ ಅಂದರೆ ಪಕ್ಕಕ್ಕೆ. ಪಕ್ಕಕ್ಕೆ ಹಾಕಿದ ಬೀಡಿಗೆ ದುಡ್ಡಿಲ್ಲ. ಆದರೆ ಆ ಬೀಡಿ ವಾಪಸ್ಸೂ ಬರುತ್ತಿರಲಿಲ್ಲ.

ಒಬ್ಬೊಬ್ಬರೇ ಜಗಲಿಯಲ್ಲಿ ಕೂತವರನ್ನು ಒಟ್ಟು ಮಾಡುವುದು ಎಷ್ಟು ಕಷ್ಟ ಯೋಚಿಸಿ. ಯೂನಿಯನ್‌ನವರು ಬ್ರಾಂಚಿನ ಹೊರಗೆ, ಬೀಡಿ ಕೊಡಲು ಬಂದವರ ಸಾಲಿನಲ್ಲಿ ನಿಂತು ಮಾತಾಡಿಸುತ್ತಿದ್ದರು. ಅಮ್ಮನ ಹೆಸರು ಲಾಗ್ ಬುಕ್ಕಿನಲ್ಲಿ ಬರಲಿಕ್ಕೆ ಅವರು ಕಾರಣ. ಹೆಸರು ಇದ್ದರೆ ಪಿಎಫ್. ಹೆಸರು ಇದ್ದರೆ ಬೀಡಿ ಕೆಲಸಗಾರರ ಮಕ್ಕಳ ಸ್ಕಾಲರ್‌ಶಿಪ್. ಆ ಸ್ಕಾಲರ್‌ಶಿಪ್ಪಿನಲ್ಲಿ ನಾನು ನರ್ಸಿಂಗ್ ಓದಿದೆ. ಅಮ್ಮನ ಲಾಗ್ ಬುಕ್ ಈಗಲೂ ನನ್ನ ಕಪಾಟಿನಲ್ಲಿದೆ.

ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ಹೆಸರು ಯಾರೂ ತೆಗೆಯಲಿಲ್ಲ. 1974ರ ಮೇ 8ಕ್ಕೆ ಅವರ ಮುಂದಾಳತ್ವದಲ್ಲಿ ರೈಲ್ವೆ ಮುಷ್ಕರ ಶುರುವಾಯಿತು. ಸುಮಾರು 17 ಲಕ್ಷ ಜನ. ಇಪ್ಪತ್ತು ದಿನದಲ್ಲಿ ಸರ್ಕಾರ ಆ ಮುಷ್ಕರವನ್ನು ಮುರಿಯಿತು. ಸಾವಿರಾರು ಜನರ ಕೆಲಸ ಹೋಯಿತು. ಸೋತರು ಅಂತ ಎಲ್ಲರೂ ಬರೆದರು. ಆದರೆ 1977ರಲ್ಲಿ ಸರ್ಕಾರ ಬದಲಾದ ಮೇಲೆ ಅವರನ್ನು ವಾಪಸ್ ತೆಗೆದುಕೊಂಡರು. ಆಗ ಕೇಳಿದ್ದ ಬೋನಸ್ 1979ರಲ್ಲಿ ರೈಲ್ವೆಯವರಿಗೆ ಬಂತು. ಯಾವುದು ಸೋಲು ಅಂತ ಇಪ್ಪತ್ತೊಂದನೇ ದಿನವೇ ಹೇಳಲು ಆಗುವುದಿಲ್ಲ.

ರಾಜಾಜಿನಗರ ವರ್ಕ್‌ಶಾಪ್

ಅಕ್ಕ, ಆ ಐದು ವರ್ಷ ಕೆಲಸ ಕಳೆದುಕೊಂಡವರ ಮನೆಯಲ್ಲಿ ಮಕ್ಕಳು ಏನು ತಿಂದರು? ಈ ಪ್ರಶ್ನೆಯನ್ನು ಮನಸ್ಸಿನಿಂದ ಕೇಳುತ್ತಿದ್ದೇನೆ. ನನ್ನಲ್ಲಿಂದ ಹೋದ ಒಂಬತ್ತು ಜನರ ಮುಖ ನನಗೆ ಇನ್ನೂ ನೆನಪಿದೆ.

ಬೀಡಿ ಮನೆಯವಳು, ಬಂಟ್ವಾಳ

ಕಷ್ಟಪಟ್ಟರು ಅಣ್ಣ. ಕೆಲವರು ಮತ್ತೆ ಎದ್ದೇಳಲೇ ಇಲ್ಲ. ಅದನ್ನು ಇಲ್ಲ ಅನ್ನುವ ಮನಸ್ಸು ನನಗಿಲ್ಲ. ಕೆಲಸ ವಾಪಸ್ ಬಂದದ್ದು ಮೂರು ವರ್ಷಕ್ಕೆ, ಅಷ್ಟು ದಿನವೂ ಉದ್ದವೇ. ಅದಕ್ಕೇ ಮುಷ್ಕರವನ್ನು ಕಟ್ಟಕಡೆಗೆ ಇಡಬೇಕು ಅಂತ ನಮ್ಮ ಅಮ್ಮನ ಯೂನಿಯನ್‌ನವರೂ ಹೇಳುತ್ತಿದ್ದರು.

ಎಚ್‌ಎಸ್‌ಆರ್ ಕೋಡರ್

ನಮ್ಮ ಕಡೆಯ ಒಂದು ಮಾತು ಅಷ್ಟೇ. ಐಟಿಯಲ್ಲಿರುವ ನಾವು ಯೂನಿಯನ್ ಅಂದರೆ ನಕ್ಕುಬಿಡುತ್ತಿದ್ದೆವು. ಹೋದ ವರ್ಷ ನನ್ನನ್ನು ಒಂದು ರೂಮಿಗೆ ಕರೆದು ಲ್ಯಾಪ್‌ಟಾಪ್ ಮುಂದೆ ಇಟ್ಟು "ಈಗಲೇ ರಾಜೀನಾಮೆ ಮೇಲ್ ಟೈಪ್ ಮಾಡಿ" ಅಂದರು. ಹೊರಗೆ ಯಾರಿಗಾದರೂ ಫೋನ್ ಮಾಡಲೂ ಬಿಡಲಿಲ್ಲ. ಒಂಬತ್ತು ವರ್ಷದ ಕೆಲಸ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಐಟಿಯವರಿಗೂ ಕರ್ನಾಟಕದಲ್ಲಿ 2017ರಿಂದ ಯೂನಿಯನ್ ಇದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಮೊದಲೇ ಗೊತ್ತಿದ್ದರೆ ಕಡೇಪಕ್ಷ ಆ ಮೇಲ್ ಟೈಪ್ ಮಾಡಬೇಕಾಗಿಲ್ಲ ಅಂತ ಯಾರಾದರೂ ಹೇಳುತ್ತಿದ್ದರು.

ಅಂಗನವಾಡಿ ಟೀಚರ್, ಹಾವೇರಿ

ನಮ್ಮದು ಸಂಬಳವೇ ಅಲ್ಲ, ಗೌರವಧನ. ನಾವು ನೌಕರರೇ ಅಲ್ಲ ಅಂತ ಹೇಳುತ್ತಿದ್ದರು. ಆದರೂ ಸಂಘ ಕಟ್ಟಿದೆವು. 2022ರಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿಯವರಿಗೂ ಗ್ರಾಚುಯಿಟಿ ಸಿಗಬೇಕು ಅಂತ ಗುಜರಾತಿನ ಒಂದು ಕೇಸಿನಲ್ಲಿ ಹೇಳಿತು. ಕೋರ್ಟು ಹೇಳಿದ ಮಾತ್ರಕ್ಕೆ ಮನೆಗೆ ಬರುತ್ತದಾ? 2023ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿದೆವು. ನಮ್ಮ ತಾಲೂಕಿನವರು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು. ಅಕ್ಕಪಕ್ಕದ ಜಿಲ್ಲೆಯವರಿಗೂ ಹಂಚಿದೆವು. ರಾತ್ರಿ ಒಂದೇ ಚಾದರದಲ್ಲಿ ಮೂರು ಜನ. ಆಮೇಲೆ ಸರ್ಕಾರ ಒಪ್ಪಿತು. ನಮ್ಮ ಜೊತೆ ಇದ್ದ ಒಬ್ಬ ಹಿರಿಯ ಟೀಚರ್ ಕಳೆದ ವರ್ಷ ರಿಟೈರ್ ಆದರು. ಅವರಿಗೆ ಸಿಕ್ಕ ಚೆಕ್ಕನ್ನು ನಾವೆಲ್ಲ ಕೈಯಲ್ಲಿ ಹಿಡಿದು ನೋಡಿದೆವು.

ಕಾಂಟ್ರಾಕ್ಟ್ ಹುಡುಗನಿಗೆ ಒಂದು ಮಾತು. ತಮ್ಮಾ, ಬಾಗಿಲು ತೆರೆಯಲಿ ಅಂತ ಕಾಯಬೇಡ. ಬೆಂಗಳೂರಿನ ಪೌರಕಾರ್ಮಿಕರನ್ನು ನೋಡು. ಕಾಂಟ್ರಾಕ್ಟರ್ ಕೈಕೆಳಗೆ ಇದ್ದವರು ತಾವೇ ಸಂಘ ಮಾಡಿಕೊಂಡರು. 2022ರ ಜುಲೈನಲ್ಲಿ ರಾಜ್ಯದಾದ್ಯಂತ ಪೊರಕೆ ಕೆಳಗಿಟ್ಟರು. ಅದೇ ಸೆಪ್ಟೆಂಬರ್‌ನಲ್ಲಿ 11,133 ಜನರನ್ನು ಕಾಯಂ ಮಾಡಲು ಸಂಪುಟ ಒಪ್ಪಿತು.

ಕಾಂಟ್ರಾಕ್ಟ್ ಹುಡುಗ

ಅಕ್ಕಾ, ಈ ವಿಷಯ ಗೊತ್ತಿರಲಿಲ್ಲ. ನಮ್ಮ ಕಡೆ ಎಲ್ಲರೂ ನರಸಾಪುರದ ಕತೆ ಮಾತ್ರ ಹೇಳುತ್ತಾರೆ. 2020ರ ಡಿಸೆಂಬರ್ 12, ಐಫೋನ್ ಮಾಡುವ ಕಾರ್ಖಾನೆ. ಸಂಬಳ ಸರಿಯಾಗಿ ಬಂದಿರಲಿಲ್ಲ. ಹುಡುಗರು ಗಾಜು ಒಡೆದರು, ಗಾಡಿ ಸುಟ್ಟರು. ಆಮೇಲೆ ಕಂಪನಿಯೇ ಸಂಬಳದಲ್ಲಿ ತಪ್ಪಾಗಿದೆ ಅಂತ ಒಪ್ಪಿ ಕ್ಷಮೆ ಕೇಳಿತು. ಆದರೆ ಅಷ್ಟು ಹೊತ್ತಿಗೆ ನೂರಕ್ಕೂ ಹೆಚ್ಚು ಹುಡುಗರು ಪೊಲೀಸರ ಕೈಗೆ ಸಿಕ್ಕಿದ್ದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ನನ್ನಂಥವರೇ. ಸಂಬಳ ಬಂದಿಲ್ಲ ಅಂತ ಯಾರ ಹತ್ತಿರ ಹೇಳಬೇಕು ಅಂತ ಅವರಿಗೆ ಗೊತ್ತಿರಲಿಲ್ಲ. ಕಾಂಟ್ರಾಕ್ಟರ್ ಕಂಪನಿ ಕಡೆ ತೋರಿಸುತ್ತಾನೆ, ಕಂಪನಿ ಕಾಂಟ್ರಾಕ್ಟರ್ ಕಡೆ. ಮಧ್ಯದಲ್ಲಿ ಒಂದು ಮೇಜು ಹಾಕಿ ಕೂರಿಸುವವರು ಇದ್ದಿದ್ದರೆ ಆ ಬೆಳಿಗ್ಗೆ ಹಾಗಾಗುತ್ತಿರಲಿಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಪೀಣ್ಯ ಟರ್ನರ್

ಎಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಹೆಂಡತಿಗೂ ಓದಿ ಹೇಳಿದೆ. ಲೈನ್ ನಂಬರ್ 4 ಅಕ್ಕನ ಮಾತು ಕೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳೂ ಮದುವೆಗೆ ಮುಂಚೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು.

ಭಾನುವಾರ ಜಾಲಹಳ್ಳಿ ಕ್ರಾಸ್ ಹತ್ತಿರ ಒಂದು ಟೀ ಅಂಗಡಿಯ ಹಿಂದೆ ಸೇರಿದೆವು. ಹದಿಮೂರು ಜನ ಬರುತ್ತೇವೆ ಅಂದಿದ್ದರು, ಹತ್ತು ಜನ ಬಂದರು. ಅದರಲ್ಲಿ ಆರು ಜನ ಕಾಂಟ್ರಾಕ್ಟ್ ಹುಡುಗರು. ನಾನೇ ಕರೆದಿದ್ದೆ. ಮೊದಲ ಜಗಳ ಅದಕ್ಕೇ ಆಯಿತು. ನಮ್ಮ ರೋಲ್‌ನವರೊಬ್ಬರು "ಇವರನ್ನು ಸೇರಿಸಿಕೊಂಡರೆ ಮಾಲೀಕರು ನಾಳೆಯೇ ಬದಲಾಯಿಸುತ್ತಾರೆ, ಆಮೇಲೆ ಮೆಂಬರ್ ಎಲ್ಲಿರುತ್ತಾರೆ?" ಅಂದರು. ಅವರ ಮಾತಿನಲ್ಲೂ ನಿಜ ಇದೆ. ಒಂದು ಗಂಟೆ ವಾದ ಆಯಿತು. ಇನ್ನೊಬ್ಬ ಎದ್ದು ಹೋಗಿಯೇ ಬಿಟ್ಟ.

ಬೆರಳು ಹೋದ ಹುಡುಗ ಕೊನೆಗೆ ಬಂದ. ಯಾರೂ ಕರೆದಿರಲಿಲ್ಲ, ಕರೆಯಲು ನಮಗೆ ಮುಖ ಇರಲಿಲ್ಲ. ಬ್ಯಾಂಡೇಜ್ ಬಿಚ್ಚಿದ್ದರು. ಪೆನ್ನನ್ನು ಹೆಬ್ಬೆರಳು ಮತ್ತೆ ಉಂಗುರ ಬೆರಳಿನ ಮಧ್ಯೆ ಹಿಡಿದು ಸಹಿ ಮಾಡಿದ. ನಿಧಾನಕ್ಕೆ ಮಾಡಿದ. ವಾದ ಮಾಡುತ್ತಿದ್ದವರು ಆಮೇಲೆ ಒಂದು ಮಾತೂ ಆಡದೆ ಕಾಗದ ತೆಗೆದುಕೊಂಡರು. ಹತ್ತು ಸಹಿ ಆಗಿದೆ.

ಯೂನಿಯನ್ ರಿಜಿಸ್ಟರ್ ಮಾಡುವುದು ಮುಂದಿನ ತಿಂಗಳು. ಯಾವ ದೊಡ್ಡ ಯೂನಿಯನ್ ಜೊತೆ ಹೋಗಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಅಧ್ಯಕ್ಷರು, ಸೆಕ್ರೆಟರಿ, ಖಜಾಂಚಿ ಮೂವರೂ ನಮ್ಮ ಶಾಪ್ ಫ್ಲೋರಿನವರೇ ಇರಬೇಕು ಅಂತ ಆಗಿದೆ. ಚಂದಾಕ್ಕೆ ರಸೀದಿ ಪುಸ್ತಕ ತಂದಾಯಿತು. ಸೋಮವಾರ ಮೊದಲ ಶಿಫ್ಟ್ ಶುರುವಾಗುವ ಮುಂಚೆ ಹತ್ತೂ ಜನ ಒಟ್ಟಿಗೆ ಹೋಗಿ ಒಂದು ಪತ್ರ ಕೊಡುತ್ತೇವೆ. ಅದರಲ್ಲಿ ಸಂಬಳದ ಮಾತಿಲ್ಲ. ನಾಲ್ಕು ಪ್ರೆಸ್‌ಗೂ ಸೆನ್ಸರ್ ಸರಿ ಮಾಡಿಸಿ, ಮಾಡಿಸೋ ತನಕ ಆ ಪ್ರೆಸ್ ಮೇಲೆ ಯಾರನ್ನೂ ಕೂರಿಸಬೇಡಿ ಅಂತ ಅಷ್ಟೇ.

ಲೈನ್ ನಂಬರ್ 4

ಪತ್ರ ಎರಡು ಕಾಪಿ ಮಾಡಿಸಿ. ಒಂದರ ಮೇಲೆ ತಲುಪಿದೆ ಅಂತ ಸಹಿ, ತಾರೀಖು, ಸೀಲು ಹಾಕಿಸಿಕೊಳ್ಳಿ. ಸೀಲು ಕೊಡಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ. ಅವತ್ತು ರಾತ್ರಿ ಯಾರಿಗಾದರೂ ಫೋನ್ ಬಂದು "ನೀನೊಬ್ಬ ಹಿಂದೆ ಸರಿದರೆ ನಿನಗೆ ಒಳ್ಳೆಯದಾಗುತ್ತೆ" ಅಂತ ಹೇಳುತ್ತಾರೆ. ಮೊದಲೇ ಎಲ್ಲರಿಗೂ ತಿಳಿಸಿಡಿ.

ರಾಜಾಜಿನಗರ ವರ್ಕ್‌ಶಾಪ್

ಪತ್ರದಲ್ಲಿ ಪ್ರೆಸ್‌ಗಳ ನಂಬರ್, ಯಾವುದರ ಸೆನ್ಸರ್ ಯಾವತ್ತಿನಿಂದ ಕೆಟ್ಟಿದೆ ಅಂತ ತಾರೀಖು ಸಮೇತ ಬರೆಯಿರಿ. ಖರ್ಚಿನ ನೆಪ ಹೇಳಿದರೆ ಕೇಳಬೇಡಿ, ಒಂದು ಡೈ ಮಾಡಿಸುವುದಕ್ಕಿಂತ ಕಡಿಮೆ ಆಗುತ್ತದೆ. ನನ್ನ ಎರಡು ಪ್ರೆಸ್‌ಗೆ ಹಾಕಿದವರು ಪೀಣ್ಯದಲ್ಲೇ ಇದ್ದಾರೆ. ಮೆಸೇಜ್ ಮಾಡಿ, ಕೊಟೇಶನ್ ತರಿಸಿಕೊಡುತ್ತೇನೆ. ಸೋಮವಾರಕ್ಕೆ ಮುಂಚೆ ಬೇಕಾ?

ಪೀಣ್ಯ ಟರ್ನರ್

ಬೇಕು ಸರ್. ಶನಿವಾರ ಎರಡು ಗಂಟೆಗೆ ಶಿಫ್ಟ್ ಬಿಡುತ್ತೆ. ನಾನೇ ಬಂದು ತೆಗೆದುಕೊಳ್ಳುತ್ತೇನೆ.